ನಾಲ್ಕನೆಯ ಗಿಳಿಯ ಕಣ್ಣು

ಕಲಘಟಗಿಯ ಹಳೇ ಅಕ್ಕಿ ಗಿರಣಿಗೆ ಬಣ್ಣ ಬಳಿದು, ನೆಲಕ್ಕೆ ಟೈಲ್ಸ್ ಕೂಡಿಸಿ, ಬಾಗಿಲ ಮೇಲೆ 'ಕಲಾ ಗ್ಯಾಲರಿ' ಎಂದು ಬೋರ್ಡು ಹೊಡೆದು ಎರಡು ವರ್ಷವಾಯಿತು. ಆದರೂ ಊರಿನವರ ಬಾಯಲ್ಲಿ ಅದು ಇವತ್ತಿಗೂ ಗಿರಣಿಯೇ. "ಗಿರಣ್ಯಾಗ ರಂಗೋಲಿ ಸ್ಪರ್ಧಾ ಐತಂತ, ಹೋಗೂಣು ಬಾ" ಎಂದು ಹೆಂಗಸರು ಹೊರಡುತ್ತಾರೆ. "ಗಿರಣ್ಯಾಗ ಉಪನ್ಯಾಸ ಐತಂತ" ಎಂದರೆ ಗಂಡಸರು ಆ ಓಣಿಯನ್ನೇ ಬಿಟ್ಟು ಬೇರೆ ಓಣಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಚಹಾ, ಚೂಡಾ ಇಟ್ಟರೂ ಎರಡನೇ ಶನಿವಾರದ ಉಪನ್ಯಾಸಕ್ಕೆ ಒಂಬತ್ತು ಮಂದಿಗಿಂತ ಹೆಚ್ಚು ಕೂಡಿದ್ದಿಲ್ಲ. ಅದರಲ್ಲಿ ಇಬ್ಬರು ಮೈಕಿನವರು.

ಚಹಾ ಇಲ್ಲದೆ, ಕರೆಯೋಲೆ ಇಲ್ಲದೆ ಮಂದಿ ತಾವಾಗಿಯೇ ಬರುತ್ತಿದ್ದ ಕಾರ್ಯಕ್ರಮ ಒಂದೇ. ಅದು ರವಿವಾರ ಮುಂಜಾನೆ ಹತ್ತರಿಂದ ಒಂದರ ತನಕ ಹಿಂದಿನ ಖೋಲಿಯಲ್ಲಿ ನಡೆಯುವ ಹಲೀಮಾಬಿಯ ಕ್ಲಾಸು. ಹಲೀಮಾಬಿಗೆ ಅರವತ್ತೆರಡು ವರ್ಷ. ನಲವತ್ತು ವರ್ಷ ತೊಟ್ಟಿಲಿಗೆ ಬಣ್ಣ ಬರೆದ ಕೈ. ಕನ್ನಡಕಕ್ಕೆ ದಾರ, ನಾಲಗೆಗೆ ಲಂಗುಲಗಾಮಿಲ್ಲ. ಹನ್ನೊಂದು ಹುಡುಗಿಯರು ಅವಳಿಂದ ಬೈಸಿಕೊಳ್ಳಲಿಕ್ಕೆಂದೇ ವಾರವಿಡೀ ಕಾಯುತ್ತಾರೇನೋ ಎನ್ನುವಂತೆ ಓಡಿಬರುತ್ತಿದ್ದರು. ಬಣ್ಣ ತೆಳುವಾದರೆ ಬೈಗುಳ, ದಪ್ಪವಾದರೆ ಬೈಗುಳ, ಅರಗು ಕಾಯಿಸುವಾಗ ಕಿಡಕಿಯಿಂದ ಹೊರಗೆ ನೋಡಿದರೆ ತಲೆಗೊಂದು ಮೊಟಕು.

ಈ ಕ್ಲಾಸು ಆಕೆಗೆ ಎಂಥದ್ದು ಎಂಬುದು ತಿಳಿಯಬೇಕಾದರೆ ಅವರ ಮನೆತನದ ಒಂದು ಪದ್ಧತಿ ತಿಳಿಯಬೇಕು. ತೊಟ್ಟಿಲಿಗೆ ಬಣ್ಣ ಬರೆಯುವ ವಿದ್ಯೆಯನ್ನು ಅವರಲ್ಲಿ ಮಗಳಿಗೆ ಹೇಳಿಕೊಡುವಂತಿಲ್ಲ, ಸೊಸೆಗೆ ಮಾತ್ರ. ಮಗಳು ಕೊಟ್ಟ ಮನೆಗೆ ಹೋಗುವವಳು, ಅವಳ ಜೊತೆ ವಿದ್ಯೆಯೂ ಹೊಸಿಲು ದಾಟಿಬಿಡುತ್ತದೆ ಎಂಬ ಹೆದರಿಕೆ. ಹಲೀಮಾಬಿಗೆ ಕಲಿಸಿದವಳು ಅವಳ ಅತ್ತೆ ಖಾದರಬಿ. ಹಲೀಮಾಬಿಗೆ ಗಂಡುಮಕ್ಕಳಾಗಲಿಲ್ಲ, ಹಾಗಾಗಿ ಸೊಸೆಯೂ ಬರಲಿಲ್ಲ. ಇದ್ದ ಒಬ್ಬ ಮಗಳು ಶಬೀನಾ ಸಣ್ಣವಳಿದ್ದಾಗ ಬ್ರಶ್ ಮುಟ್ಟಲಿಕ್ಕೆ ಬಂದರೆ ಇದೇ ಹಲೀಮಾಬಿ ಕೈಮೇಲೆ ಹೊಡೆದು ಅಟ್ಟಿದ್ದಳು. ಶಬೀನಾ ಈಗ ಶಲವಡಿಯಲ್ಲಿ ಗಂಡನ ಮನೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ತನ್ನ ಗಂಡ ಕಾಸೀಮಸಾಬ ತೀರಿಕೊಂಡ ಮೇಲೆ ಹಲೀಮಾಬಿ ಒಮ್ಮೆ ಅಲ್ಲಿಗೆ ಹೋಗಿ, ಕಲಿತೀಯೇನು ಎಂದು ಕೇಳಿದ್ದಳು. "ಈಗ್ಯಾಕ ಅಮ್ಮಾ? ಅವಾಗ ಹೊಡದಿದ್ಯಲ್ಲ" ಎಂದು ಮಗಳು ಮಷಿನಿನಿಂದ ತಲೆ ಎತ್ತದೆ ಹೇಳಿದಳು. ಆ ಮಾತು ಮುಳ್ಳಾಗಿ ಒಳಗೇ ಉಳಿಯಿತು. ಅಲ್ಲಿಂದ ಬಂದವಳೇ ಹಲೀಮಾಬಿ ಪದ್ಧತಿಯನ್ನು ಗಂಟು ಕಟ್ಟಿ ಅಟ್ಟಕ್ಕೆಸೆದಳು. ಯಾರ ಮಗಳಾದರೂ ಬರಲಿ, ಕಲಿಸುತ್ತೇನೆ ಎಂದಳು. ನೆಂಟರು ಮೂಗು ಮುರಿದರು, ಆಕೆ ತಿರುಗಿಯೂ ನೋಡಲಿಲ್ಲ.

ಆದರೆ ಖಾದರಬಿಯ ಇನ್ನೊಂದು ಪದ್ಧತಿಯನ್ನು ಮಾತ್ರ ಆಕೆ ಎಂದೂ ಬಿಟ್ಟವಳಲ್ಲ. ತೊಟ್ಟಿಲ ನಾಲ್ಕು ಮೂಲೆಗೆ ನಾಲ್ಕು ಗಿಳಿ ಬರೆಯುತ್ತಾರೆ. ಮೂರಕ್ಕೆ ಮನೆಯಲ್ಲೇ ಕಣ್ಣಿಡುತ್ತಾರೆ. ನಾಲ್ಕನೆಯದು, ಕೂಸಿನ ತಲೆ ಬರುವ ಕಡೆಯದು, ಕಣ್ಣಿಲ್ಲದೆ ಉಳಿಯುತ್ತದೆ. ಹೆಸರಿಡುವ ದಿನ ಬರೆದವಳೇ ಬಣ್ಣ, ಬ್ರಶ್ ಹಿಡಿದು ಆ ಮನೆಗೆ ಹೋಗಬೇಕು. ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸಿ ತೂಗುತ್ತಾರೆ, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಆಮೇಲೆ ಕೂಸನ್ನು ಮಲಗಿಸುತ್ತಾರೆ. ಅಪ್ಪನ ಅಕ್ಕನೋ ತಂಗಿಯೋ, ಅಂದರೆ ಸೋದರತ್ತೆ, ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದು ಹಾಕಿ ನಗುತ್ತಾರೆ. ಆ ನಗೆಯ ನಡುವೆ ನಾಲ್ಕನೆಯ ಗಿಳಿಗೆ ಕಣ್ಣು ಬೀಳುತ್ತದೆ. "ಗಿಳಿ ಕಣ್ಣ ಬಿಟ್ಟ ಕೂಡ್ಲೆ ಅದಕ್ಕ ಕೂಸಿನ ಮಾರಿ ಕಾಣಬೇಕು. ಖಾಲಿ ತೊಟ್ಟಲ ಕಂಡ್ರ ಅದು ಮುಂದ ಖಾಲಿನ ಹುಡುಕ್ತೈತಿ" ಎನ್ನುತ್ತಿದ್ದಳು ಖಾದರಬಿ. ಸಾವಕಾರರ ಮನೆ, ಕೂಲಿಯವರ ಮನೆ, ಎಲ್ಲ ಮನೆಗೂ ಅದೇ ನೇಮ.

ಗ್ಯಾಲರಿ ಸುರುವಾದಾಗ ಕಮಿಟಿಯವರು ನಡುಹಾಲಿಗೆಂದು ಹಲೀಮಾಬಿಯಿಂದ ಒಂದು ತೊಟ್ಟಿಲು ಬರೆಸಿದ್ದರು. ಆಕೆ ಮೂರು ಗಿಳಿಗೆ ಕಣ್ಣಿಟ್ಟು, ನಾಲ್ಕನೆಯದನ್ನು ಬಿಟ್ಟು, ತೂಗುಹಾಕಿಸಿ ಬಂದಳು. ಖಾಲಿ ತೊಟ್ಟಿಲು ನೋಡಲಾಗದೆ ಕೆಂಪು ಬಟ್ಟೆ ಸುತ್ತಿದ ಗುಂಡುಕಲ್ಲೊಂದನ್ನು ಅದರೊಳಗಿಟ್ಟಿದ್ದಳು. ವಾರದೊಳಗೆ ಗ್ಯಾಲರಿಯ ಮ್ಯಾನೇಜರ್ ಫಕೀರೇಶ ಅದನ್ನು ತೆಗೆದ. ಚಿತ್ರಕಲೆ ಓದಿದ, ದೊಡ್ಡವರ ಮುಂದೆ ಧ್ವನಿ ಏಳದ ತರುಣ. ನೋಡಲು ಬಂದವರು ಕಲ್ಲು ಯಾಕೆ ಎಂದು ಕೇಳಿದರೆ ಅವನಿಗೆ ಉತ್ತರ ಗೊತ್ತಿರಲಿಲ್ಲ. ಗಿರಣಿಯ ಹಳೇ ಬಾಗಿಲು ಹಿಡಿಯುವವರಿಲ್ಲದಿದ್ದರೆ ತಾನಾಗಿಯೇ ಧಡ್ ಎಂದು ಮುಚ್ಚಿಕೊಳ್ಳುತ್ತಿತ್ತು, ಹಾಗಾಗಿ ಕಲ್ಲನ್ನು ಅಲ್ಲಿಗೆ ಆನಿಸಿಟ್ಟ. ತೊಟ್ಟಿಲ ಸುತ್ತ ಹಗ್ಗ ಕಟ್ಟಿ, 'ಮುಟ್ಟಬಾರದು' ಎಂಬ ಹಲಗೆ ತೂಗಿಸಿದ. ಎರಡು ವರ್ಷದಿಂದ ಹಲೀಮಾಬಿ ಆ ಕಲ್ಲು ದಾಟಿ ಒಳಗೆ ಹೋಗುವಾಗಲೆಲ್ಲ ಗೊಣಗುತ್ತಾಳೆ, ತೊಟ್ಟಿಲು ದಾಟಿ ಖೋಲಿಗೆ ಹೋಗುವಾಗ ಮತ್ತೊಮ್ಮೆ ಗೊಣಗುತ್ತಾಳೆ.

ಹೀಗಿರುವಾಗ ಕಮಿಟಿಗೆ ಒಂದು ಹುಕಿ ಬಂತು. 'ತೊಟ್ಟಿಲ ಉತ್ಸವ'. ಸಮುದಾಯದ ಸಹಭಾಗಿತ್ವ, ಪೆಂಡಾಲು, ಹುಬ್ಬಳ್ಳಿಯಿಂದ ದೊಡ್ಡ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ಗುರುವಾರ ಫಕೀರೇಶ ಆಮಂತ್ರಣದ ಕಾರ್ಡು ತಂದು ಕೊಟ್ಟ. ಹಲೀಮಾಬಿ ಕನ್ನಡಕ ಏರಿಸಿ ಓದಿದಳು. ಕೆಳಗಿನ ಸಾಲಿಗೆ ಬಂದಾಗ ಬೆರಳಿಟ್ಟು ಮತ್ತೊಮ್ಮೆ ಓದಿದಳು. 'ಕಾಲಾಂತರದಲ್ಲಿ ಅಳಿಸಿಹೋದ ಗಿಳಿಯ ಕಣ್ಣಿಗೆ ಮುಖ್ಯ ಅತಿಥಿಗಳ ಅಮೃತಹಸ್ತದಿಂದ ಮರುಜೀವ.'

"ಯಾವ ಕಾಲಾಂತರಲೇ ತಮ್ಮಾ? ಎರಡ ವರ್ಷಕ್ಕ ಅಳಿಸಿಹೋಗೂ ಬಣ್ಣಾ ಬರೀತೀನೇನು ನಾ?"

"ಅಧ್ಯಕ್ಷರು ಹೇಳಿದ್ರಿ ಅಮ್ಮಾರ" ಎಂದ ಫಕೀರೇಶ, ನೆಲ ನೋಡುತ್ತ.

ಕಮಿಟಿಯ ಅಧ್ಯಕ್ಷ ಗುರುಸಿದ್ದಪ್ಪ ಹುಲ್ಲಂಬಿ. ಊರಿಗೆ ಹುಲ್ಲಂಬಿ ಸಾವಕಾರ. ಗಿರಣಿ ಅವರ ಅಜ್ಜನದು, ಗ್ಯಾಲರಿಗೆ ಬಿಟ್ಟುಕೊಟ್ಟವರೂ ಅವರೇ. ಕೆಟ್ಟ ಮನುಷ್ಯನೇನಲ್ಲ. ಮಂದಿ ತನ್ನನ್ನು ಒಳ್ಳೆಯವನೆನ್ನಬೇಕು ಎಂಬ ಆಸೆ ಮಾತ್ರ ಮೈತುಂಬ. ಹಲೀಮಾಬಿ ಆಫೀಸಿಗೆ ಹೋದಾಗ ಎದ್ದು ನಿಂತು ಕುರ್ಚಿ ಕೊಟ್ಟರು. ಆಕೆ ಕುಳಿತುಕೊಳ್ಳಲಿಲ್ಲ.

"ಸಾವಕಾರ್ರ, ಆ ಕಣ್ಣು ಅಳಿಸಿಲ್ರಿ. ನಾನ ಬಿಟ್ಟದ್ದು. ಕೂಸಿಲ್ಲದ ಬರಿಯೂದಿಲ್ಲ."

"ಗೊತ್ತಾತು, ಏನೋ ನಿಮ್ಮ ಪದ್ಧತಿ. ಆದ್ರ ಇದು ಮನಿ ತೊಟ್ಟಲ ಅಲ್ಲಲ್ರಿ, ಪ್ರದರ್ಶನದ್ದು. ಅತಿಥಿಗಳು ಒಂದ ಚುಕ್ಕಿ ಇಡ್ತಾರ, ಫೋಟೋ ಬರ್ತೈತಿ, ಮುಗೀತು. ನೀವು ಬಣ್ಣದ ಬಟ್ಟಲಾ ಹಿಡದು ಬಾಜೂಕ ನಿಂದ್ರೂದು ಅಷ್ಟ."

"ಖಾಲಿ ತೊಟ್ಟಲಾ ತೋರ್ಸಿ ಕಣ್ಣ ತೆರಸೂದಿಲ್ರಿ ನಾ."

ಸಾವಕಾರರ ಮುಖದ ನಗೆ ಹಾಗೇ ಇತ್ತು, ದನಿ ಮಾತ್ರ ತಣ್ಣಗಾಯಿತು. "ಕಾರ್ಡು ಹಂಚಿ ಆಗೇತ್ರಿ. ಕಮಿಟಿ ಮಾತ ನಡಸೂದಿಲ್ಲಂದ್ರ ಕಮಿಟಿ ಖೋಲಿ ಯಾಕ್ರಿ ನಿಮಗ? ರವಿವಾರ ಕಣ್ಣ ಆಗಬೇಕು. ಇಲ್ಲಂದ್ರ ಸೋಮವಾರ ಖೋಲಿ ಕೀಲಿ ಫಕೀರೇಶನ ಕೈಯಾಗ ಕೊಡ್ರಿ."

ಹಲೀಮಾಬಿ ಬಂದ ಹಾಗೇ ಹೊರಗೆ ನಡೆದಳು. ಸುಳ್ಳು ಯಾಕೆ, ಎರಡು ದಿನ ಆಕೆ ಸೋಲುವ ಲೆಕ್ಕವನ್ನೇ ಹಾಕಿದಳು. ಒಂದು ಚುಕ್ಕಿ. ಸಾಸಿವೆ ಕಾಳಿನಷ್ಟು. ಅದಕ್ಕೆ ಹನ್ನೊಂದು ಹುಡುಗಿಯರನ್ನು ಬೀದಿಗೆ ಹಾಕುವುದೇ? ಮನೆಯ ಒಂದೂವರೆ ಅಂಕಣದಲ್ಲಿ ಹನ್ನೊಂದು ಮಂದಿಯನ್ನು ಎಲ್ಲಿ ಕೂಡಿಸುವುದು? ಅವರಲ್ಲಿ ರೂಬಿನಾಗೆ ಈಗಷ್ಟೇ ಎಲೆಯ ನರ ಎಳೆಯುವ ಕೈ ಬಂದಿದೆ, ಇನ್ನು ಆರು ತಿಂಗಳು ಬಿಟ್ಟರೆ ಅದೂ ಹೋಗುತ್ತದೆ. ಸತ್ತ ಅತ್ತೆಯ ಮಾತು ದೊಡ್ಡದೋ, ಬದುಕಿರುವ ಹುಡುಗಿಯ ಕೈ ದೊಡ್ಡದೋ? ಕೇಳಿಕೊಂಡಷ್ಟೂ ಸಿಟ್ಟು ಬಂತು.

ಶನಿವಾರ ಮುಂಜಾನೆ ಬ್ರಶ್ಶು, ಬಣ್ಣ ಹೊಂದಿಸಲಿಕ್ಕೆ ಗ್ಯಾಲರಿಗೆ ಹೋದಳು. ಸುಮಂಗಲಾ ನೆಲ ಒರೆಸುತ್ತಿದ್ದಳು. ಬಮ್ಮಿಗಟ್ಟಿಯ ಕೇರಿಯ ಹುಡುಗಿ, ಗ್ಯಾಲರಿಯ ಕಸಗುಡಿಸಿ ಒರೆಸುವ ಕೆಲಸಕ್ಕಿದ್ದು ವರ್ಷವಾಗಿತ್ತು. ಹಗ್ಗದೊಳಗೆ ಹೋಗಿ ತೊಟ್ಟಿಲ ಧೂಳನ್ನು ಮೆತ್ತನ್ನ ಬಟ್ಟೆಯಿಂದ ಒರೆಸುವುದೂ ದಿನಾ ಅವಳದೇ ಕೆಲಸ. ಹಲೀಮಾಬಿ ತೊಟ್ಟಿಲ ಮುಂದೆ ನಿಂತು ತನ್ನಷ್ಟಕ್ಕೆ ಗೊಣಗಿದಳು. "ಒಂದ ಕೂಸಿಲ್ಲ, ಕುನ್ನಿಲ್ಲ. ಹೆಂಗ ಕಣ್ಣ ಬರೀಲೆವ್ವಾ ಇದಕ್ಕ."

ಸುಮಂಗಲಾ ಒರೆಸುವುದನ್ನು ನಿಲ್ಲಿಸಿದಳು.

"ಕೆಲಸಕ್ಕ ಬಂದಾಗಿಂದ ಇದ ಮಾತ ಕೇಳಾಕತ್ತೇನ್ರಿ ಅಮ್ಮಾರ. ಖಾಲಿ, ಖಾಲಿ. ನನ್ನ ಕೂಸ ಮೂರ ತಿಂಗಳಾತು, ಹಿಂದಿನ ಪಡಸಾಲ್ಯಾಗ ಸೀರಿ ಜೋಳಿಗ್ಯಾಗ ಜೋತಾಡ್ತೈತಿ. ನಿಮ್ಮ ಕಣ್ಣಿಗೆ ಒಮ್ಮೆನೂ ಬೀಳಲಿಲ್ಲೇನ್ರಿ?"

ಹಲೀಮಾಬಿ ಹಿಂದಿನ ಪಡಸಾಲೆಯತ್ತ ತಿರುಗಿದಳು. ಬಿದ್ದಿತ್ತು, ಯಾಕೆ ಬಿದ್ದಿಲ್ಲ? ರವಿವಾರ ಕೂಸು ಅತ್ತಾಗ ಖೋಲಿಗೆ ಹೋಗುತ್ತ ಹೋಗುತ್ತ ಜೋಳಿಗೆಗೆ ಒಂದು ತೂಗು ಕೊಟ್ಟು ಹೋಗಿದ್ದಳು. ಗಂಡೋ ಹೆಣ್ಣೋ ಎಂದು ಕೂಡ ಕೇಳಿರಲಿಲ್ಲ. ತೊಟ್ಟಿಲಿಗೂ ಆ ಜೋಳಿಗೆಗೂ ಇಪ್ಪತ್ತು ಹೆಜ್ಜೆ. ನಲವತ್ತು ವರ್ಷ ಕೂಸುಗಳಿಗಾಗಿ ಬಣ್ಣ ಬರೆದವಳಿಗೆ ಕಸಗುಡಿಸುವವಳ ಕೂಸು ಕೂಸೆಂದು ಹೊಳೆಯಲಿಲ್ಲ. ಯಾರದೋ ಮನೆಯಿಂದ, ಯಾವಾಗಲೋ, ತಕ್ಕ ಕೂಸೊಂದು ಬರುತ್ತದೆಂದು ಕಾಯುತ್ತಿದ್ದಳು. ಹಲೀಮಾಬಿಗೆ ನಾಚಿಕೆಯಾಯಿತು.

"ತಪ್ಪಾತು ಬೇ" ಎಂದಳು. ಆಕೆ ಆ ಮಾತನ್ನು ಬದುಕಿನಲ್ಲಿ ಬಹಳ ಸಲ ಆಡಿದವಳಲ್ಲ. "ಹೆಸರೇನ ಇಟ್ಟಿ?"

"ಯಾರ ಇಡಬೇಕ್ರಿ?" ಸುಮಂಗಲಾ ಬಟ್ಟೆ ಹಿಂಡಿದಳು. ಅವಳು ಲಗ್ನವಾದ ಹನಮಪ್ಪ ಅದೇ ಬಮ್ಮಿಗಟ್ಟಿಯವನು, ಆದರೆ ಮೇಲಿನ ಓಣಿಯವನು. ಲಗ್ನದ ದಿನವೇ ಎರಡೂ ಮನೆಯ ಬಾಗಿಲು ಮುಚ್ಚಿದವು. ಈಗ ಇಬ್ಬರೂ ಕಲಘಟಗಿ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಖೋಲಿಯಲ್ಲಿದ್ದಾರೆ, ಅವನು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ತೊಟ್ಟಿಲು ತವರಿನಿಂದ ಬರಬೇಕು, ತವರು ಮಾತಾಡುವುದಿಲ್ಲ. ಹೆಸರು ಸೋದರತ್ತೆ ಹೇಳಬೇಕು, ಹನಮಪ್ಪನ ಅಕ್ಕ ಸಂತೆಯಲ್ಲಿ ಎದುರಾದರೂ ಮುಖ ತಿರುವುತ್ತಾಳೆ. "ಹೆಣ್ಣ ಕೂಸ್ರಿ. ಕೂಸು ಅಂತನ ಕರೀತೇವಿ. ಆಶಾ ಕಾರ್ಯಕರ್ತಿ ಬಂದು ಹೆಸರ ಏನ ಬರಕೊಳ್ಳಿ ಅಂತ ಎರಡ ಸಲ ಕೇಳ್ಯಾಳ್ರಿ."

"ನಾಳೆ ಎಣ್ಣಿ ಹಚ್ಚಿ ಎರಕೊಂಡು ಕರಕೊಂಡ ಬಾ."

"ಉತ್ಸವದಾಗ? ಆ ಮಂದಿ ಮುಂದ?"

"ಆ ಮಂದಿ ಮುಂದನ."

ಸುಮಂಗಲಾ ತಕ್ಷಣ ಒಪ್ಪಲಿಲ್ಲ. ಬಕೀಟಿನ ನೀರು ನೋಡುತ್ತ ನಿಂತಳು. "ನಿಮಗ ಒಂದ ಕೂಸ ಬೇಕಾಗೇತಿ ಅಂತ ಕೇಳಾಕತ್ತೀರೇನ್ರಿ, ನನ್ನ ಕೂಸಿಗೆ ತೊಟ್ಟಲ ಬೇಕು ಅಂತ ಕೇಳಾಕತ್ತೀರಿ?"

ಖರೇ ಹೇಳಬೇಕಾದ ಪ್ರಶ್ನೆ. ಹಲೀಮಾಬಿ ಖರೇ ಹೇಳಿದಳು. "ನಿನ್ನೀತನಾ ಬರೇ ನನ್ನ ಕ್ಲಾಸಿನ ಚಿಂತಿ ಇತ್ತು. ಈಗ ಎರಡೂ ಐತಿ. ಸಾವಕಾರ್ರು ನಿನ್ನ ಕೆಲಸ ತೆಗದ್ರೂ ತೆಗೀಬಹುದು, ಅದನ್ನೂ ಹೇಳ್ತೇನಿ. ವಿಚಾರ ಮಾಡು."

"ದಿನಾ ಆ ತೊಟ್ಟಲ ಒರಸಾಕಿ ನಾನ್ರಿ" ಎಂದಳು ಸುಮಂಗಲಾ. "ಒರಸೂ ಕೈ ಆಗ್ತೈತಿ, ಮಲಗೂ ಕೂಸ ಆಗೂದಿಲ್ಲೇನು? ಬರ್ತೇನ್ರಿ."

ರವಿವಾರ ಪೆಂಡಾಲಿನ ಬಣ್ಣದ ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಗಿರಣಿಯ ನಡುಹಾಲಿನಲ್ಲಿ ಕುರ್ಚಿ ಸಾಲದೆ ಜಮಖಾನ ಹಾಸಿದ್ದರು. ಹೆಂಗಸರೇ ಹೆಚ್ಚು ಬಂದಿದ್ದರು. ತೊಟ್ಟಿಲ ಹೆಸರಿಗೆ ಬಂದವರು ಅವರು, ಭಾಷಣಕ್ಕಲ್ಲ. ಫ್ಲೆಕ್ಸಿನಲ್ಲಿ ಸಾವಕಾರರ ಮುಖ ತೊಟ್ಟಿಲಿಗಿಂತ ದೊಡ್ಡದಿತ್ತು. ಅತಿಥಿಗಳು ಸಣ್ಣ ಮೈಯ, ಕನ್ನಡಕದ ಮನುಷ್ಯ. ಎಲ್ಲಿ ನಿಲ್ಲಬೇಕು ಎಂದು ಯಾರಾದರೂ ಹೇಳಲಿ ಎಂದು ಕಾಯುವವರ ಹಾಗೆ ನಿಂತಿದ್ದರು. ಸ್ವಾಗತವಾಯಿತು, ಪ್ರಾರ್ಥನೆಯಾಯಿತು. ಹಲೀಮಾಬಿ ಹೊಸ ಸೀರೆ ಉಟ್ಟು, ಹಸಿರು ಬಟ್ಟೆಯಲ್ಲಿ ಕಪ್ಪು ಬಣ್ಣದ ಬಟ್ಟಲು ಹಿಡಿದು ಬಂದದ್ದನ್ನು ಕಂಡು ಸಾವಕಾರರು ಅಂದುಕೊಂಡರು, ಮುದುಕಿ ದಾರಿಗೆ ಬಂತು. ಮೈಕು ಹಿಡಿದು ಉತ್ಸಾಹದಿಂದ ಕರೆದರು. "ಈಗ ನಮ್ಮ ಹೆಮ್ಮೆಯ ಅತಿಥಿಗಳು ಗಿಳಿಗೆ ಕಣ್ಣು ಕೊಡ್ತಾರ!"

ಅತಿಥಿಗಳ ಕೈಗೆ ಬ್ರಶ್ ಬಂತು. ಹಗ್ಗ ಬಿಚ್ಚಿದರು. ಫೋಟೋದವನು ಮೊಣಕಾಲೂರಿದ.

"ಸ್ವಲ್ಪ ತಡೀರಿ ಸಾಹೇಬ್ರ" ಎಂದಳು ಹಲೀಮಾಬಿ. "ಕಲ್ಲ ಬೇಕು."

ಯಾರಿಗೂ ಏನೂ ತಿಳಿಯುವ ಮೊದಲೇ ಆಕೆ ಮಂದಿಯ ನಡುವೆ ದಾರಿ ಮಾಡಿಕೊಂಡು ಬಾಗಿಲಿಗೆ ಹೋಗಿ, ಬಗ್ಗಿ, ಎರಡೂ ಕೈಯಿಂದ ಗುಂಡುಕಲ್ಲು ಎತ್ತಿದಳು. ಹಿಡಿಯುವವರಿಲ್ಲದ ಬಾಗಿಲು ಧಡ್ ಎಂದು ಬಿತ್ತು. ಮುಂದಿನ ಸಾಲಿನವರು ಬೆಚ್ಚಿಬಿದ್ದರು. ಫಕೀರೇಶ ಓಡಿಹೋಗಿ ಬಾಗಿಲು ತೆರೆದು ಹಿಡಿದುಕೊಂಡು ನಿಂತ. ಹಲೀಮಾಬಿ ಕಲ್ಲನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ, ತನ್ನ ಹುಡುಗಿಯರತ್ತ ನೋಡಿದಳು. ರೂಬಿನಾ ಮತ್ತು ಉಳಿದವರು ತೊಟ್ಟಿಲ ಅಂಚು ಹಿಡಿದು ತೂಗಿದರು.

ಕುರ್ಚಿಯಲ್ಲಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಮಖಾನದ ಮೇಲಿದ್ದ ಮುದುಕಿಯರಿಗೆ ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಬ್ಬಳು ಕೂತಲ್ಲೇ ಜೋಗುಳ ಎತ್ತಿದಳು. ಇನ್ನೊಬ್ಬಳು ಮೊಣಕಾಲು ಹಿಡಿದುಕೊಂಡು ಎದ್ದಳು. ನೋಡನೋಡುತ್ತ ಹೆಂಗಸರು ಎದ್ದು ತೊಟ್ಟಿಲ ಸುತ್ತ ಮುತ್ತಿದರು, ಫೋಟೋದವನು ಅವರ ಕಾಲುಗಳ ನಡುವೆ ಸಿಕ್ಕಿಕೊಂಡ. ಆಗ ಹಿಂದಿನ ಪಡಸಾಲೆಯಿಂದ ಸುಮಂಗಲಾ ಬಂದಳು. ಇಳಕಲ್ ಸೀರೆ, ತಲೆಗೆ ಹೂವು, ಎದೆಗೆ ಕೂಸು. ಹಿಂದೆ ಹನಮಪ್ಪ, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು.

ಸಾವಕಾರರು ಮೈಕು ಕೆಳಗಿಟ್ಟು ಹತ್ತಿರ ಬಂದರು. "ಏನ್ರಿ ಇದು? ಪ್ರದರ್ಶನದ ವಸ್ತು ಅದು, ಕಮಿಟಿದು. ಕೂಸ ಬೇಕಿತ್ತಂದ್ರ ಮೊದ್ಲ ಹೇಳಬೇಕಿಲ್ಲರೀ? ಯಾವುದರ ಒಳ್ಳೆ ಮನಿತನದ ಕೂಸ ತರಸ್ತಿದ್ವಿ."

ಜೋಗುಳ ನಿಂತಿತು. ಸುಮಂಗಲಾ ಕೂಸನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು, ಆದರೆ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಹಲೀಮಾಬಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲಿ ನಿನ್ನೆಯ ತನಕದ ತನ್ನ ಮೇಲಿನ ಸಿಟ್ಟೂ ಸೇರಿತ್ತು.

"ಒಳ್ಳೆ ಮನಿತನ!" ಎಂದಳು. "ಸಾವಕಾರ್ರ, ನಿಮ್ಮ ಸಣ್ಣ ಮಗನ ತೊಟ್ಟಲಿಗೆ ಕಣ್ಣ ಬರದಾಕಿ ನಾನ. ನಿಮ್ಮ ಪಡಸಾಲ್ಯಾಗ, ನಿಮ್ಮ ಹೆಣ್ಣಮಕ್ಕಳ ನಡುವ ನಿಂತು ಬರದೇನಿ. ಅವತ್ತ ನೀವು ಹೊರಗ ಕಟ್ಟಿಮ್ಯಾಲ ಎಲಿ ಅಡಿಕಿ ತಿನಕೋತ ಕುಂತಿದ್ರಿ. ಒಳಗ ಏನ ನಡದೈತಿ ಅಂತ ಹೊಳ್ಳಿ ನೋಡಲಿಲ್ಲ. ನೋಡದ್ದಕ್ಕ ಇವತ್ತ ಕಣ್ಣ ಅಳಿಸಿಹೋಗೇತಿ ಅಂತ ಕಾರ್ಡ ಹಂಚೀರಿ. ನಿಮ್ಮ ಮನಿಗೆ ಬಂದಾಗ ನಾ ಯಾವ ಮನಿತನ ಅಂತ ಕೇಳಲಿಲ್ಲ. ಗಿಳಿನೂ ಕೇಳೂದಿಲ್ಲ. ಅದಕ್ಕ ಕೂಸ ಬೇಕು, ಅಷ್ಟ."

ಸಾವಕಾರರು ಏನೋ ಹೇಳಲು ಹೊರಟರು. ಆದರೆ ಅವರ ಮತ್ತು ತೊಟ್ಟಿಲ ನಡುವೆ ಆಗಲೇ ಇಪ್ಪತ್ತು ಹೆಂಗಸರಿದ್ದರು, ಅದರಲ್ಲಿ ಅವರ ಮನೆಯ ಸೊಸೆಯೂ ಇದ್ದಳು. ಜೋಗುಳ ಎತ್ತಿದ್ದ ಮುದುಕಿ ಕಲ್ಲನ್ನು ತೆಗೆದು ಪಕ್ಕಕ್ಕಿಟ್ಟಳು. ಕೂಸನ್ನು ತೊಟ್ಟಿಲ ಕೆಳಗಿಂದ ದಾಟಿಸಿ ಮೇಲಿಂದ ಇಸಿದುಕೊಂಡು ಮಲಗಿಸಿದರು. ಮುದುಕಿ ಸುತ್ತ ನೋಡಿ ಕೇಳಿದಳು. "ಸ್ವಾದರತ್ತಿ ಎಲ್ಲಿ? ಹೆಸರ ಹೇಳಾಕಿ ಯಾರು?"

ಹನಮಪ್ಪ ತಲೆ ತಗ್ಗಿಸಿದ. ಅವನ ಕಡೆಯವರು ಯಾರೂ ಅಲ್ಲಿರಲಿಲ್ಲ.

"ನಾ ಅದೇನಿ" ಎಂದಳು ಹಲೀಮಾಬಿ. "ಇವತ್ತಿಂದ ಹನಮಪ್ಪ ನನ್ನ ತಮ್ಮ. ಯಾರಿಗರ ಏನರ ಹೇಳೂದಿತ್ತಂದ್ರ ಆಮ್ಯಾಲ ಹೇಳ್ರಿ. ಹೆಸರ ಏನ ಬೇ ಸುಮಂಗಲಾ?"

ಸುಮಂಗಲಾ ಅದನ್ನು ಮೂರು ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದಳು. "ಯಶೋಧರಾ" ಎಂದಳು.

ಹಲೀಮಾಬಿ ತೊಟ್ಟಿಲಿಗೆ ಬಗ್ಗಿ ಎಣ್ಣೆ ವಾಸನೆಯ ಆ ಸಣ್ಣ ಕಿವಿಗೆ ಮೂರು ಸಲ ಹೇಳಿದಳು. ಹಿಂದಿನಿಂದ ಗುದ್ದು ಬಿದ್ದವು. ಹೆಂಗಸರು ಮೆಲ್ಲಗೆ ಹಾಕಿದರು, ಹನ್ನೊಂದು ಹುಡುಗಿಯರು ಮಾತ್ರ ಮನಸಾರೆ ಹಾಕಿದರು. ಎಲ್ಲಕ್ಕಿಂತ ಜೋರಾಗಿ ಹಾಕಿದವಳು ರೂಬಿನಾ. ಇಷ್ಟು ದಿನದ ಮೊಟಕುಗಳ ಬಾಕಿಯನ್ನು ಅವಳು ಒಂದೇ ಸಲಕ್ಕೆ ತೀರಿಸಿಕೊಂಡಳು. "ಸಾಕ ಬಿಡಲೇ, ಎಲುಬ ಮುರೀತೀಯೇನು!" ಎಂದು ಹಲೀಮಾಬಿ ಕೂಗಿದಾಗ ಗಿರಣಿಯೆಲ್ಲ ನಕ್ಕಿತು.

ಅತಿಥಿಗಳು ಬ್ರಶ್ ಹಿಡಿದು ಹಾಗೇ ನಿಂತಿದ್ದರು. ಅವರು ಅದನ್ನು ತಿರುಗಿಸಿ ಹಿಡಿಕೆ ಮುಂದೆ ಮಾಡಿ ಚಾಚಿದರು. "ನೀವ ಬರೀರಿ ಅಮ್ಮಾ. ಇದು ನನ್ನ ಕೆಲಸ ಅಲ್ಲ." ಆ ದಿನ ವೇದಿಕೆಯ ಕಡೆಯಿಂದ ಬಂದ ಒಳ್ಳೆಯ ಮಾತು ಅದೊಂದೇ. ಹಲೀಮಾಬಿ ಬ್ರಶ್ ತೆಗೆದುಕೊಂಡು, ಬಲಗೈಗೆ ಎಡಗೈ ಆಸರೆ ಕೊಟ್ಟು, ನಾಲ್ಕನೆಯ ಗಿಳಿಗೆ ಕಣ್ಣಿಟ್ಟಳು. ಗಿಳಿ ಕೂಸನ್ನು ನೋಡಿತು. ಕೂಸು ಒಮ್ಮೆ ಆಕಳಿಸಿ ನಿದ್ದೆ ಹೋಯಿತು.

ಆಮೇಲೆ ನಡೆದದ್ದನ್ನು ಕಲಘಟಗಿಯ ಹೆಂಗಸರು ಇವತ್ತಿಗೂ ನೆನೆದು ನಗುತ್ತಾರೆ. ಇನ್ನೂ ಮೂರು ಭಾಷಣ ಬಾಕಿ ಇದ್ದವು. ಸಾವಕಾರರು ಮೈಕು ಎತ್ತಿ "ಆತ್ಮೀಯರೇ" ಎನ್ನುವಷ್ಟರಲ್ಲಿ ಅವರ ಸೊಸೆಯೇ ತುಟಿಗೆ ಬೆರಳಿಟ್ಟಳು. "ಮಾವಾರ, ಸಾವಕಾಶ. ಕೂಸ ಮಲಗೇತಿ." ಜಮಖಾನದ ಉದ್ದಕ್ಕೂ ಶ್ ಶ್ ಎಂಬ ಸದ್ದು ಹರಿಯಿತು. ಮಲಗಿದ ಕೂಸನ್ನು ಎಬ್ಬಿಸಿದವನು ಎನ್ನಿಸಿಕೊಳ್ಳುವ ಧೈರ್ಯ ಯಾವ ಸಾವಕಾರನಿಗೂ ಇರುವುದಿಲ್ಲ. ಮೈಕಿನವನು ತಾನಾಗಿಯೇ ತಂತಿ ಕಿತ್ತ. ವಂದನಾರ್ಪಣೆ ಪಿಸುಮಾತಿನಲ್ಲಿ ಆಯಿತು.

ಸಾವಕಾರರು ಹಲೀಮಾಬಿಯ ಬಳಿ ಬಂದು, ಹಲ್ಲು ಕಚ್ಚಿಕೊಂಡು, ಪಿಸುದನಿಯಲ್ಲೇ ಹೇಳಿದರು. "ಕ್ಲಾಸ್ ಬಂದ್. ಖೋಲಿ ಕೀಲಿ ಈಗ ಕೊಡ್ರಿ. ಮುಂದಿನ ವಾರ ಗ್ಯಾಲರಿನೂ ರಿಪೇರಿಗೆ ಬಂದ್."

ಹಲೀಮಾಬಿ ಸೊಂಟದಿಂದ ಕೀಲಿ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. "ತಗೋರಿ. ಖೋಲಿ ನಿಮ್ಮದು. ಕಲ್ಲ ನಂದು, ಒಯ್ತೇನಿ" ಎಂದು ಗುಂಡುಕಲ್ಲನ್ನು ಕಂಕುಳಲ್ಲಿ ಇರುಕಿಕೊಂಡಳು. ಹೊರಗೆ ಹೋಗುವಾಗ ಬಾಗಿಲು ಹಿಡಿದು ನಿಂತಿದ್ದ ಫಕೀರೇಶನ ಕಣ್ಣು ತುಂಬಿತ್ತು. ಆಕೆ ಅವನನ್ನು ಬೈಯಲಿಲ್ಲ. ಅವನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ನೋವಾಯಿತು.

ಆ ವಾರ ಹಲೀಮಾಬಿಗೆ ಊಟ ಸೇರಲಿಲ್ಲ. ಮಾಡಿದ್ದು ಸರಿ ಎಂಬುದರಲ್ಲಿ ಅನುಮಾನವಿರಲಿಲ್ಲ, ಆದರೆ ಸರಿ ಮಾಡಿದವಳ ಮನೆ ಕೂಡ ರವಿವಾರ ಹತ್ತು ಗಂಟೆಗೆ ಖಾಲಿಯಾಗಿಯೇ ಇರುತ್ತದೆ. ರವಿವಾರ ಬಂತು. ಇರಲಾರದೆ ಎದ್ದಳು. ಬಣ್ಣದ ಪೆಟ್ಟಿಗೆ ಒಂದು ಕೈಗೆ, ಕಲ್ಲು ಇನ್ನೊಂದು ಕಂಕುಳಿಗೆ. ಗಿರಣಿಯ ಕಟ್ಟೆಯ ಮೇಲಾದರೂ ಕೂಡಿಸಿ ಕಲಿಸುತ್ತೇನೆ, ಅಲ್ಲಿಂದ ಎಬ್ಬಿಸಿದರೆ ಬಸ್ ಸ್ಟ್ಯಾಂಡಿನಲ್ಲಿ ಕಲಿಸುತ್ತೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಜಗಳವಾಡುತ್ತ ಹೋದಳು.

ಗಿರಣಿಯ ಮುಂದೆ ಹನ್ನೊಂದು ಹುಡುಗಿಯರು ನಿಂತಿದ್ದರು. ಸುಮಂಗಲಾ ಇದ್ದಳು, ಕೆಲಸ ಹೋಗಿದ್ದರೂ ಬಂದಿದ್ದಳು, ಹೆಗಲ ಮೇಲೆ ಯಶೋಧರಾ. ಅವಳ ಹಿಂದೆ ಇನ್ನೂ ಮೂವರು ಹೆಂಗಸರು ಕೂಸುಗಳನ್ನೆತ್ತಿಕೊಂಡು ನಿಂತಿದ್ದರು. ಒಬ್ಬಳು ಬಮ್ಮಿಗಟ್ಟಿಯಿಂದ ಬಸ್ಸು ಹಿಡಿದು ಬಂದಿದ್ದಳು. "ಇಲ್ಲಿ ಯಾರ ಕೂಸಿಗರ ಹೆಸರ ಇಡ್ತಾರಂತ, ಹೌದೇನ್ರಿ?" ಎಂದು ಕೇಳಿದಳು.

ಹಲೀಮಾಬಿ ಬಾಗಿಲ ಕಡೆ ನೋಡಿದಳು. 'ರಿಪೇರಿಗಾಗಿ ಬಂದ್' ಎಂಬ ಕಾಗದ ಅಂಟಿಸಿದ್ದ ಬಾಗಿಲು ತೆರೆದಿತ್ತು. ಕಲ್ಲಿಲ್ಲದ ಬಾಗಿಲು, ತೆರೆದೇ ಇತ್ತು. ಹೊಸಿಲ ಮೇಲೆ ಫಕೀರೇಶ ಕುಳಿತಿದ್ದ. ಕಾಲು ಚಾಚಿ, ಬೆನ್ನನ್ನು ಬಾಗಿಲಿಗೆ ಒತ್ತಿ ಹಿಡಿದಿದ್ದ. ಒಳಗೆ ನಡುಹಾಲಿನಲ್ಲಿ ಜಮಖಾನ ಹಾಸಿತ್ತು, ತೊಟ್ಟಿಲ ಸುತ್ತ ಹಗ್ಗವಿರಲಿಲ್ಲ.

"ಕಲ್ಲ ತಂದೇನಲೇ ತಮ್ಮಾ. ಏಳು, ಬಾಗಿಲಕ್ಕ ಇಡೂಣು" ಎಂದಳು ಹಲೀಮಾಬಿ.

"ಅದು ತೊಟ್ಟಲ ಕಲ್ರಿ ಅಮ್ಮಾರ. ತೊಟ್ಟಲಕ್ಕ ಒಯ್ರಿ" ಎಂದ ಫಕೀರೇಶ. ಬೆನ್ನು ಬಾಗಿಲು ಬಿಡಲಿಲ್ಲ.

ಹೆಂಗಸರು, ಹುಡುಗಿಯರು, ಕೂಸುಗಳು ಅವನ ಕಾಲು ದಾಟಿ ಒಬ್ಬೊಬ್ಬರಾಗಿ ಒಳಗೆ ಹೋದರು. ಕೊನೆಯವಳು ದಾಟುವಾಗ ಅವನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಎತ್ತಿದೊಡನೆ ಸಾವಕಾರರ ಧ್ವನಿ ಒಳಗಿನ ತೊಟ್ಟಿಲ ತನಕ ಕೇಳಿಸಿತು. "ಏ ಫಕೀರೇಶ, ಬಾಗಿಲ ಹಾಕೀಯೇನಲೇ?"

"ಹಾಕಾಕ ಬರೂದಿಲ್ರಿ ಸಾವಕಾರ್ರ" ಎಂದ ಅವನು. "ನಡುವ ನಾ ಕುಂತೇನ್ರಿ."